ಡ್ರೈಯರ್ ಹಾಕಿದರೆ ಕಿಟಕಿ ಗಾಜೆಲ್ಲ ಬೆವರುತ್ತದೆ, ಏನು ಮಾಡಲಿ?

ಪ್ರಶ್ನೆ: ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹೋದ ವರ್ಷ 6 ಕೆ.ಜಿ.ಯ ಡ್ರೈಯರ್ ತಂದೆವು. ಹಿಂದುಗಡೆ ಬಿಸಿಗಾಳಿ ಹೋಗುವ ಪೈಪ್ ಇರುವಂಥದ್ದು. ಬಚ್ಚಲಿಗೆ ಅಂಟಿಕೊಂಡ ಹತ್ತಡಿ ಚದರದ ಕೋಣೆಯಲ್ಲಿಟ್ಟು, ಪೈಪನ್ನು ಕಿಟಕಿಯ ಸಂದಿನಿಂದ ಹೊರಗೆ ಬಿಟ್ಟಿದ್ದೇವೆ. ಮಳೆಗಾಲದಲ್ಲಿ ದಿನಾ ಒಂದು ಲೋಡ್ ಬಟ್ಟೆ. ಅರ್ಧ ಗಂಟೆಯಲ್ಲೇ ಗಾಜಿನಿಂದ ನೀರು ಇಳಿಯುತ್ತದೆ, ಕಾವಿ ನೆಲ ಜಾರುತ್ತದೆ, ಬೀರುವಿನ ಹಿಂದಿನ ಗೋಡೆ ಕಪ್ಪಾಗಿದೆ. ಕಿಟಕಿ ಪೂರ್ತಿ ತೆರೆದರೆ ಮಂಜು ಒಳಗೇ ಬರುತ್ತದೆ. ಮೆಷಿನ್ ಬದಲಿಸಬೇಕೇ? ಇಲ್ಲ, ತೇವ ಹೀರುವ ಡಿಹ್ಯೂಮಿಡಿಫೈಯರ್ ತರಬೇಕೇ?

ಉತ್ತರ: ಮೆಷಿನ್ ಬದಲಿಸಬೇಡಿ. ಡಿಹ್ಯೂಮಿಡಿಫೈಯರಿಗೂ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ತೊಂದರೆಯ ಬಹುಪಾಲು ಆ ಕಿಟಕಿಯ ಸಂದಿನಲ್ಲೇ ಇದೆ. ಪೈಪು ಹೊರಗೆ ಬಿಟ್ಟ ಹಬೆಯನ್ನು ಅದೇ ಸಂದಿ ಮತ್ತೆ ಒಳಗೆ ಎಳೆದುಕೊಳ್ಳುತ್ತಿದೆ.

ನಿಮ್ಮದು ವೆಂಟೆಡ್ ಡ್ರೈಯರ್. ಅದು ಕೋಣೆಯ ಗಾಳಿಯನ್ನು ಎಳೆದು, ಕಾಯಿಸಿ, ಬಟ್ಟೆಯ ನಡುವೆ ಹಾಯಿಸಿ, ಹಬೆ ತುಂಬಿಕೊಂಡ ಗಾಳಿಯನ್ನು ಪೈಪಿನಲ್ಲಿ ಹೊರಕ್ಕೆ ದೂಡುತ್ತದೆ. ಮನೆಬಳಕೆಯ ಮೆಷಿನ್ನುಗಳು ಹೀಗೆ ಗಂಟೆಗೆ ಸುಮಾರು 100ರಿಂದ 200 ಘನ ಮೀಟರ್ ಗಾಳಿಯನ್ನು ಹೊರಹಾಕುತ್ತವೆ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿರುವ ಗಾಳಿಯೇ 28 ಘನ ಮೀಟರ್. ಅಂದರೆ ಗಂಟೆಗೆ ನಾಲ್ಕರಿಂದ ಏಳು ಸಲ ಆ ಕೋಣೆ ಪೂರ್ತಿ ಬರಿದಾಗಿ ತುಂಬಬೇಕು. ಹೋದಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬಾಗಿಲು ಹಾಕಿಕೊಂಡಿದ್ದರೆ ಉಳಿದಿರುವ ದಾರಿ ಪೈಪಿನ ಸುತ್ತಲಿನ ಸಂದಿ ಒಂದೇ. ಪೈಪಿನ ಬಾಯಿ ಅದರ ಪಕ್ಕದಲ್ಲೇ ಇದೆ. ಕಿಟಕಿ ಪಡುವಣ ದಿಕ್ಕಿಗಿದ್ದರಂತೂ ಮುಂಗಾರಿನ ಗಾಳಿ ಆ ಹಬೆಯನ್ನು ತಾನೇ ಒಳಕ್ಕೆ ನೂಕುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಊದುಬತ್ತಿ ಸಾಕು. ಮೆಷಿನ್ ಹಾಕಿ, ಬಾಗಿಲು ಮುಚ್ಚಿ, ಊದುಬತ್ತಿಯನ್ನು ಕಿಟಕಿಯ ಸಂದಿನ ಹತ್ತಿರ, ಪೈಪಿನ ಮೇಲೆ ಮತ್ತು ಕೆಳಗೆ ಹಿಡಿಯಿರಿ. ಹೊಗೆ ನೇರವಾಗಿ ಮೇಲೇಳದೆ ಮಲಗಿಕೊಂಡು ಕೋಣೆಯೊಳಕ್ಕೆ ಹರಿದರೆ, ಹಬೆ ಬರುತ್ತಿರುವುದೂ ಅದೇ ದಾರಿಯಲ್ಲಿ. ಬಾಗಿಲನ್ನು ಅರ್ಧ ತೆರೆದು ಮತ್ತೆ ನೋಡಿ. ಹೊಗೆಯ ಎಳೆತ ಕಡಿಮೆಯಾದರೆ ಕೋಣೆಗೆ ಗಾಳಿ ಸಾಲುತ್ತಿಲ್ಲ ಎಂಬುದೂ ಖಚಿತವಾಯಿತು. ಇದೇ ಊದುಬತ್ತಿಯನ್ನು ಮೆಷಿನ್ನಿನ ಹಿಂದೆ, ಪೈಪ್ ಸೇರುವ ಜಾಗದಲ್ಲೂ ಹಿಡಿಯಿರಿ. ಅಲ್ಲಿ ಹೊಗೆ ಚದುರಿದರೆ ಜೋಡಣೆ ಸೋರುತ್ತಿದೆ.

ಎಷ್ಟು ನೀರು, ಎಷ್ಟು ಜಾಗ

ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. 20 ಡಿಗ್ರಿ ಉಷ್ಣಾಂಶದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರನ್ನು ಹಬೆಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. ನಿಮ್ಮ ಕೋಣೆಗೆ ಅದು ಸುಮಾರು 480 ಗ್ರಾಂ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಗಾಳಿಯ ತೇವಾಂಶ ಶೇ. 90 ಇದ್ದರೆ ಅದರಲ್ಲಿ 430 ಗ್ರಾಂ ಮೊದಲೇ ತುಂಬಿರುತ್ತದೆ. ಉಳಿದ ಜಾಗ 50 ಗ್ರಾಂ, ಕಾಲು ಲೋಟ ನೀರಿನಷ್ಟು. ಇತ್ತ ಒಣಗಿದಾಗ 5 ಕೆ.ಜಿ. ತೂಗುವ ಹತ್ತಿ ಬಟ್ಟೆ, ನಿಮಿಷಕ್ಕೆ 1000 ಸುತ್ತಿನ ಸ್ಪಿನ್ ಆಗಿ ಬಂದರೂ ಸುಮಾರು 3 ಲೀಟರ್ ನೀರು ಹೊತ್ತಿರುತ್ತದೆ. ಮೂರು ಲೀಟರಿನಲ್ಲಿ ಹತ್ತರಲ್ಲೊಂದು ಪಾಲು ಕೋಣೆಗೆ ಸೋರಿದರೂ 300 ಗ್ರಾಂ ಆಯಿತು. ಕಾಲು ಲೋಟದ ಜಾಗಕ್ಕೆ ಒಂದೂವರೆ ಲೋಟ ಸುರಿದಂತೆ. ಉಳಿದದ್ದು ಕೋಣೆಯಲ್ಲಿ ಯಾವುದು ಎಲ್ಲಕ್ಕಿಂತ ತಣ್ಣಗಿದೆಯೋ ಅದರ ಮೇಲೆ ಹನಿಯಾಗುತ್ತದೆ: ಮೊದಲು ಕಿಟಕಿ ಗಾಜು, ಆಮೇಲೆ ಬೀರುವಿನ ಕಬ್ಬಿಣ, ಆಮೇಲೆ ಮಳೆ ಬಡಿಯುವ ಗೋಡೆ.

ನಿಮ್ಮ ಮನೆಯ ಲೆಕ್ಕವನ್ನು ನೀವೇ ತೆಗೆಯಬಹುದು. ಕಾಫಿ, ಮೆಣಸು ತೂಗುವ ನೇತಾಡುವ ತಕ್ಕಡಿ ಕೊಡಗಿನ ಬಹಳ ಮನೆಗಳಲ್ಲಿದೆ. ಬಟ್ಟೆಯನ್ನು ಡ್ರೈಯರಿಗೆ ಹಾಕುವ ಮೊದಲು ಒಂದು ಚೀಲದಲ್ಲಿ ತೂಗಿ, ತೆಗೆದ ಮೇಲೆ ಮತ್ತೆ ತೂಗಿ. ನಡುವಿನ ವ್ಯತ್ಯಾಸವೇ ಆ ಹೊತ್ತು ನಿಮ್ಮ ಮನೆಯಿಂದ ಹೊರಗೆ ಹೋಗಬೇಕಿದ್ದ ನೀರು.

ಮೊದಲ ಕೆಲಸ ವಾಷಿಂಗ್ ಮೆಷಿನ್ನಿನಲ್ಲಿ

ಡ್ರೈಯರ್ ಮುಟ್ಟುವ ಮೊದಲು ಸ್ಪಿನ್ ಸರಿಮಾಡಿ. ಹಿಂಡಿ ತೆಗೆದ ನೀರು ಚರಂಡಿಗೆ ಹೋಗುತ್ತದೆ, ಕಾಯಿಸಿ ತೆಗೆದ ನೀರು ಹಬೆಯಾಗುತ್ತದೆ. 5 ಕೆ.ಜಿ. ಹತ್ತಿ ಬಟ್ಟೆಯಲ್ಲಿ 800 ಸುತ್ತಿಗೆ ಅಂದಾಜು 3.5 ಲೀಟರ್ ಉಳಿಯುತ್ತದೆ, 1000ಕ್ಕೆ 3 ಲೀಟರ್, 1200ಕ್ಕೆ 2.7, 1400ಕ್ಕೆ 2.5. 800ರಿಂದ 1200ಕ್ಕೆ ಏರಿಸಿದರೆ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಹಬೆಯಾಗುವ ಗೋಜೇ ಇಲ್ಲ. ಒಂದು ಲೀಟರ್ ನೀರನ್ನು ಹಬೆ ಮಾಡಲು ಸುಮಾರು ಮುಕ್ಕಾಲು ಯೂನಿಟ್ ಕರೆಂಟ್ ಬೇಕೇ ಬೇಕು. ವೆಂಟೆಡ್ ಮೆಷಿನ್ನಿನಲ್ಲಿ ನಷ್ಟವೂ ಸೇರಿ ಒಂದು ಯೂನಿಟ್ ದಾಟುತ್ತದೆ. ಇನ್ನೊಂದು ಸಲ ಸ್ಪಿನ್ ಮಾಡಲು ಅದರ ಹತ್ತರಲ್ಲೊಂದು ಪಾಲೂ ಬೇಡ.

ಹಾಗಾಗಿ ಒಗೆತ ಮುಗಿದ ಮೇಲೆ ಬಟ್ಟೆಯನ್ನು ಬಿಡಿಸಿ, ಉಲ್ಟಾಪಲ್ಟಾ ಮಾಡಿ, ಇನ್ನೊಮ್ಮೆ ಬರೀ ಸ್ಪಿನ್ ಹಾಕಿ. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ನುಗಳಲ್ಲಿ ಸ್ಪಿನ್ ವೇಗ ಸಾಮಾನ್ಯವಾಗಿ 700ರ ಆಸುಪಾಸು. ಅಂಥವರಿಗೆ ಎರಡನೆಯ ಸ್ಪಿನ್ ಬಹಳ ಉಪಯೋಗ. ಹಳೆಯ ಸೆಮಿ ಆಟೋಮ್ಯಾಟಿಕ್ ಇದ್ದರೆ ಅದರ ಹಿಂಡುವ ತೊಟ್ಟಿ ಚಿಕ್ಕದಾದರೂ ಜೋರಾಗಿ ತಿರುಗುತ್ತದೆ. ಬಟ್ಟೆಯನ್ನು ಎರಡು ಮೂರು ಪಾಲು ಮಾಡಿ, ಪ್ರತಿ ಪಾಲಿಗೂ ಪೂರ್ತಿ 5 ನಿಮಿಷ ಕೊಡಿ. ತುರುಕಿದರೆ ತೊಟ್ಟಿ ಅದುರಿ ವೇಗವೇ ಏರುವುದಿಲ್ಲ.

ಕಿಟಕಿ ಮುಚ್ಚುವ ಕೆಲಸ

ಈಗ ಮುಖ್ಯ ರಿಪೇರಿ. ಪೈಪಿಗೆ ತನ್ನದೇ ಒಂದು ತೂತು ಬೇಕು, ಅದರ ಸುತ್ತ ಕೂದಲೆಳೆಯಷ್ಟೂ ಸಂದಿ ಇರಬಾರದು. ಗೋಡೆ ಸಿಮೆಂಟಿನ ಗಾರೆಯ ಇಟ್ಟಿಗೆಯದೋ ಬ್ಲಾಕಿನದೋ ಆಗಿದ್ದರೆ ಕೋರ್ ಕಟಿಂಗ್ ಮಾಡುವವರಿಂದ ತೂತು ಹೊಡೆಸಿ, 110 ಮಿ.ಮೀ. ಪಿವಿಸಿ ಪೈಪಿನ ತುಂಡನ್ನು ಗೋಡೆಯ ದಪ್ಪಕ್ಕೆ ಕೂರಿಸಿ. ಒಳತುದಿಗಿಂತ ಹೊರತುದಿ ಒಂದು ಸೆಂಟಿಮೀಟರಾದರೂ ತಗ್ಗಿರಲಿ. ಇಲ್ಲದಿದ್ದರೆ ಮಳೆಯ ಎರಚಲು ಗೋಡೆಯೊಳಗೇ ಇಳಿದು ನಿಲ್ಲುತ್ತದೆ. 100 ಮಿ.ಮೀ. ಅಲ್ಯೂಮಿನಿಯಂ ಪೈಪ್ ಅದರೊಳಗೆ ಹಾದು ಹೊರಗೆ ಬರಲಿ. ಎರಡರ ನಡುವಿನ ಸಂದಿಗೆ ಒಳಗಿನಿಂದಲೂ ಹೊರಗಿನಿಂದಲೂ ಸಿಲಿಕೋನ್ ತುಂಬಿ.

ಹಳೆಯ ಮಣ್ಣುಗೋಡೆಯ ಮನೆಯಾದರೆ ಗೋಡೆಗೆ ಕೈ ಹಾಕಬೇಡಿ. ಆ ದಪ್ಪದ ಮಣ್ಣಿನಲ್ಲಿ ಚೊಕ್ಕ ತೂತು ಬರುವುದಿಲ್ಲ, ಬಂದರೂ ತೇವ ಹೀರಿ ಸುತ್ತಲೂ ಉದುರುತ್ತದೆ. ಕಿಟಕಿಯ ಒಂದು ಗಾಜನ್ನು ಬಿಚ್ಚಿ, ಅದೇ ಅಳತೆಗೆ 12 ಮಿ.ಮೀ. ಮರೈನ್ ಪ್ಲೈವುಡ್ ಕೊಯ್ಯಿಸಿ, ನಡುವೆ ಪೈಪಿನ ಅಳತೆಗೆ ತೂತು ಮಾಡಿಸಿ. ಕೊಯ್ದ ಅಂಚಿಗೆಲ್ಲ ಎರಡು ಕೈ ಪೇಂಟ್ ಬಳಿದೇ ಕೂರಿಸಬೇಕು. ಕಿಟಕಿಯ ಬಾಗಿಲನ್ನು ಚಿಲಕ ಹಾಕಿ ಭದ್ರ ಮುಚ್ಚಬಹುದು ಎಂಬುದೇ ಈ ಉಪಾಯದ ಲಾಭ. ಬಾಡಿಗೆ ಮನೆಯವರಿಗೂ ಇದೇ ಸರಿ, ಬಿಡುವಾಗ ಗಾಜು ವಾಪಸ್ ಹಾಕಿದರಾಯಿತು.

ಹೊರಗಡೆ ಬಾಯಿಗೆ, ಮೆಷಿನ್ನಿನ ಗಾಳಿ ಬಂದಾಗ ತೆರೆದು, ಅದು ನಿಂತಾಗ ತಾನೇ ಮುಚ್ಚಿಕೊಳ್ಳುವ ಫ್ಲಾಪ್ ಇರುವ ಮೂತಿ ಹಾಕಿ. ಅದು ಪೂರ್ವಕ್ಕೋ ಈಶಾನ್ಯಕ್ಕೋ ತೆರೆದಿರಲಿ. ಮುಂಗಾರಿನ ಗಾಳಿ ನೈಋತ್ಯದಿಂದ ಬಡಿಯುವ ನಮ್ಮ ಜಿಲ್ಲೆಯಲ್ಲಿ ಪಡುವಣಕ್ಕೆ ಮೂತಿ ಇಟ್ಟರೆ ಫ್ಲಾಪ್ ತೆರೆಯುವುದೇ ಕಷ್ಟ. ಹಲ್ಲಿ, ಕಣಜ, ಇಲಿ ಬರುತ್ತವೆಂದು ಸೊಳ್ಳೆಪರದೆಯ ಜಾಲರಿ ಹೊಡೆಯುವವರಿದ್ದಾರೆ, ಅದು ಬೇಡ. ಬಟ್ಟೆಯ ಜುಂಗು ಹತ್ತೇ ದಿನದಲ್ಲಿ ಜಾಲರಿಗೆ ಹಿಡಿದು, ಒದ್ದೆಯಾಗಿ, ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಗಾಳಿ ಹೊರಹೋಗದೆ ಮೆಷಿನ್ ಬಿಸಿಯಾಗುತ್ತದೆ, ಹಬೆ ಬಾಗಿಲಿನ ರಬ್ಬರಿನಿಂದ ಕೋಣೆಗೆ ನುಗ್ಗುತ್ತದೆ. ಫ್ಲಾಪ್ ಸರಿಯಾಗಿ ಮುಚ್ಚಿದರೆ ಹುಳುಹುಪ್ಪಟೆಗೆ ಅದೇ ಸಾಕು.

ಮೂತಿಯನ್ನು ಅಟ್ಟಕ್ಕೆ ಬಿಡುವ ಯೋಚನೆ ಮಾತ್ರ ಯಾವ ಕಾರಣಕ್ಕೂ ಬೇಡ. ಹೆಂಚಿನ ಮನೆಗಳಲ್ಲಿ ಇದು ಸುಲಭ ಅನಿಸುತ್ತದೆ, ಹಬೆ ಹೆಂಚಿನ ಸಂದಿನಿಂದ ಹೋಗಿಬಿಡುತ್ತದೆ ಅನಿಸುತ್ತದೆ. ಹೋಗುವುದಿಲ್ಲ. ತಣ್ಣನೆಯ ಹೆಂಚಿನ ಅಡಿಯಲ್ಲಿ ನೀರಾಗಿ ಪಕಾಸು, ರೀಪುಗಳಿಗೆ ಇಳಿಯುತ್ತದೆ, ಮರ ಕೊಳೆಯುತ್ತದೆ. ಅಟ್ಟದಲ್ಲಿ ಕಾಫಿ, ಮೆಣಸು ಇಟ್ಟಿದ್ದರೆ ಅದೂ ಹಾಳು. ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ಸುಲಿದದ್ದು) ಶೇ. 10ರ ತೇವಕ್ಕೆ, ಚೆರಿ ಕಾಫಿಯನ್ನು (ಸಿಪ್ಪೆ ಸಮೇತದ್ದು) ಶೇ. 11ಕ್ಕೆ ಒಣಗಿಸಲು ಕಣದಲ್ಲಿ ದಿನಗಟ್ಟಲೆ ಪಡುವ ಪಾಡು, ದಿನಕ್ಕೆ 3 ಲೀಟರ್ ಹಬೆಯ ಮುಂದೆ ನಿಲ್ಲುವುದಿಲ್ಲ. ತಗಡಿನ ಷೆಡ್ಡಿನೊಳಕ್ಕೆ ಬಿಟ್ಟರೂ ಅದೇ ಕಥೆ. ರಾತ್ರಿ ತಗಡು ತಣ್ಣಗಾದ ಕೂಡಲೇ ತೊಟ್ಟಿಕ್ಕಲು ಶುರು.

ಇನ್ನು ಒಳಗೆ ಬರುವ ಗಾಳಿ. ಕೋಣೆಯ ಇನ್ನೊಂದು ಗೋಡೆಯಲ್ಲಿ, ಪೈಪಿನ ಬಾಯಿಯಿಂದ ಕನಿಷ್ಠ ಮೂರು ನಾಲ್ಕು ಅಡಿ ದೂರದಲ್ಲಿ, ಮಳೆ ಎರಚದಂತೆ ಓರೆ ಪಟ್ಟಿಗಳಿರುವ ವೆಂಟಿಲೇಟರ್ ಇರಬೇಕು. ಹತ್ತು ಅಂಗುಲ ಚದರದ ತೆರವು ಒಂದು ಡ್ರೈಯರಿಗೆ ಸಾಕು. ಪಟ್ಟಿಗಳು ತಿನ್ನುವ ಜಾಗವನ್ನೂ ಲೆಕ್ಕ ಹಿಡಿದರೆ ಹನ್ನೆರಡು ಅಂಗುಲ ಮಾಡಿಸಿದರೆ ಒಳ್ಳೆಯದು. ಹೊರಗೋಡೆ ಒಂದೇ ಇದ್ದರೆ, ಮನೆಯೊಳಗಿನ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಮೆಷಿನ್ ಹಾಕಿ. ಆಗ ಮನೆಯ ಗಾಳಿ ಕೋಣೆಗೆ ಬರುತ್ತದೆಯೇ ಹೊರತು ಕೋಣೆಯ ಹಬೆ ಮನೆಗೆ ಹೋಗುವುದಿಲ್ಲ.

ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನವಿಟ್ಟು ಓದಿ. ನಿಮ್ಮ ಕೋಣೆ ಬಚ್ಚಲಿಗೆ ಅಂಟಿಕೊಂಡಿದೆ ಎಂದಿದ್ದೀರಿ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಅಥವಾ ಹಂಡೆ ಒಲೆ ಇದ್ದರೆ, ಗಾಳಿ ಸಾಲದ ಡ್ರೈಯರ್ ಅವುಗಳ ಹೊಗೆಯನ್ನು ಹೊರಹೋಗಲು ಬಿಡದೆ ಮನೆಯೊಳಕ್ಕೇ ಎಳೆಯಬಹುದು. ಗ್ಯಾಸ್ ಸರಿಯಾಗಿ ಉರಿಯದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣ ತೆಗೆಯುವ ವಿಷ. ವೆಂಟಿಲೇಟರ್ ಆಗುವವರೆಗೂ, ಆದ ಮೇಲೂ, ಗೀಸರ್ ಉರಿಯುತ್ತಿರುವಾಗ ಡ್ರೈಯರ್ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಟ್ಟೆ ಒಣಗಿಸುವವರಿಗೂ ಇದೇ ಎಚ್ಚರಿಕೆ. ಗ್ಯಾಸ್ ಹೀಟರ್ ಇಟ್ಟರೆ ಕೋಣೆಯ ತೇವ ಹೋಗುತ್ತದೆ ಎಂಬುದೂ ತಪ್ಪು. ಒಂದು ಕೆ.ಜಿ. ಗ್ಯಾಸ್ ಉರಿದರೆ ಒಂದೂವರೆ ಕೆ.ಜಿ.ಗೂ ಹೆಚ್ಚು ನೀರು ಹಬೆಯಾಗಿ ಕೋಣೆಗೇ ಸೇರುತ್ತದೆ.

ಪೈಪಿನ ಹೊಟ್ಟೆ

ಮೆಷಿನ್ ಜೊತೆ ಬರುವ ಮಡಿಕೆ ಮಡಿಕೆಯ ಪೈಪನ್ನು ಬಹಳ ಜನ ಹಾಗೇ ಸುತ್ತಿ ಹಿಂದೆ ತುರುಕುತ್ತಾರೆ. ಅದರಲ್ಲಿ ಎಲ್ಲಾದರೂ ಜೋತುಬಿದ್ದ ಹೊಟ್ಟೆ ಇದ್ದರೆ, ತಣ್ಣನೆಯ ದಿನಗಳಲ್ಲಿ ಹಬೆ ಅಲ್ಲೇ ನೀರಾಗಿ ನಿಲ್ಲುತ್ತದೆ. ಕಿವಿಗೊಟ್ಟರೆ ಗುಳುಗುಳು ಸದ್ದು ಕೇಳಿಸುತ್ತದೆ. ಒಂದೂವರೆ ಗಂಟೆಯಲ್ಲಿ ಒಣಗುತ್ತಿದ್ದ ಬಟ್ಟೆಗೆ ಎರಡೂವರೆ ಗಂಟೆ ಹಿಡಿಯುವುದೂ ಇದೇ ಕಾರಣಕ್ಕೆ. ಪೈಪನ್ನು ಪೂರ್ತಿ ಎಳೆದು ನೇರ ಮಾಡಿ, ಹೆಚ್ಚಾದ ಉದ್ದವನ್ನು ಕತ್ತರಿಸಿ. ಎರಡು ಮೀಟರ್ ಒಳಗೆ ಮುಗಿಯುವಂತೆ ಮೆಷಿನ್ನಿನ ಜಾಗವನ್ನೇ ಬದಲಿಸಿ. ಒಂದೊಂದು ಮೂಲೆ ತಿರುವೂ ಗಾಳಿಗೆ ಒಂದೂವರೆ ಮೀಟರ್ ಹೆಚ್ಚಿನ ಪೈಪಿನಷ್ಟು ಭಾರ. ಒಂದು ತಿರುವು ಸಾಕು, ಎರಡಕ್ಕಿಂತ ಹೆಚ್ಚು ಬೇಡ. ಮೆಷಿನ್ನಿನಿಂದ ಹೊರಬಾಯಿಯ ಕಡೆಗೆ ಇಳಿಜಾರಿರಲಿ. ಕಿಟಕಿ ಎತ್ತರದಲ್ಲಿದ್ದು ಪೈಪ್ ಮೇಲಕ್ಕೇ ಹೋಗಬೇಕಾದರೆ, ಏಸಿ ಪೈಪಿಗೆ ಸುತ್ತುವ ಕಪ್ಪು ಫೋಮಿನ ಹಾಳೆಯನ್ನು ಸುತ್ತಿ. ಪೈಪ್ ಬೆಚ್ಚಗಿದ್ದಷ್ಟೂ ಒಳಗೆ ನೀರಾಗುವುದು ಕಡಿಮೆ.

ಪ್ಲಾಸ್ಟಿಕ್ ಪೈಪ್ ಬದಲು ಅಲ್ಯೂಮಿನಿಯಂ ಹಾಕಿ, ಒಳಗೆ ಜುಂಗಿಗೆ ಬೆಂಕಿ ಹಿಡಿದರೆ ಪ್ಲಾಸ್ಟಿಕ್ ತಡೆಯುವುದಿಲ್ಲ. ಎರಡೂ ತುದಿಗೆ ಹೋಸ್ ಕ್ಲಾಂಪ್ ಬಿಗಿದು ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸುತ್ತಿ. ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪ್ ಬಿಸಿಗೆ ಒಂದೇ ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಸ್ಕ್ರೂ ಹೊಡೆಯಬೇಡಿ, ಒಳಗೆ ಚಾಚಿದ ಮೊನೆಗೆ ಜುಂಗು ಸಿಕ್ಕಿಕೊಂಡು ಕಟ್ಟುತ್ತದೆ. ಜುಂಗಿನ ಫಿಲ್ಟರ್ ಪ್ರತಿ ಲೋಡಿಗೂ, ಪೈಪ್ ಬಿಚ್ಚಿ ತೊಳೆಯುವುದು ಮೇ ಕೊನೆಗೊಮ್ಮೆ, ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬ ಕೈಲ್‌ಪೊಳ್ದು ಹೊತ್ತಿಗೊಮ್ಮೆ.

ತೋಟದ ಕೆಲಸದ ಬಟ್ಟೆಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇವೆ. ಮರ ಕೊಯ್ಯುವ ಯಂತ್ರದ ಆಯಿಲ್, ಪೆಟ್ರೋಲ್ ಅಥವಾ ಅಡುಗೆ ಎಣ್ಣೆ ಹೀರಿದ ಬಟ್ಟೆ ಒಗೆದ ಮೇಲೂ ಜಿಡ್ಡು ಉಳಿಸಿಕೊಂಡಿರುತ್ತದೆ. ಡ್ರೈಯರಿನ ಬಿಸಿಯಲ್ಲಿ ಅದಕ್ಕೆ ಬೆಂಕಿ ಹಿಡಿಯಬಹುದು. ಅಡುಗೆ ಎಣ್ಣೆಯ ಬಟ್ಟೆಯಂತೂ ಆಮೇಲೆ ರಾಶಿ ಹಾಕಿದಾಗ ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಥವನ್ನು ಹಗ್ಗದ ಮೇಲೆಯೇ ಒಣಗಿಸಿ.

ಮಂಜು ಒಳಗೆ ಬಂದರೆ?

ನಿಮ್ಮ ದೊಡ್ಡ ಆತಂಕ ಇದು. ಮಂಜು ಕಣ್ಣಿಗೆ ಕಾಣುವಷ್ಟು ಒದ್ದೆ ಅಲ್ಲ ಎಂದರೆ ನಂಬುವುದು ಕಷ್ಟ, ಆದರೆ ಲೆಕ್ಕ ಹಾಗೇ ಹೇಳುತ್ತದೆ. ಹೊರಗೆ 19 ಡಿಗ್ರಿ, ತೇವಾಂಶ ಶೇ. 100 ಇದ್ದರೂ ಆ ಗಾಳಿಯಲ್ಲಿ ಹಬೆಯಾಗಿರುವ ನೀರು ಘನ ಮೀಟರಿಗೆ 16 ಗ್ರಾಂ ಅಷ್ಟೇ, ತೇಲುವ ಮಂಜಿನ ಹನಿಗಳನ್ನು ಸೇರಿಸಿದರೂ ಹೆಚ್ಚುವುದು ಒಂದು ಗ್ರಾಮಿಗಿಂತ ಕಡಿಮೆ. ಅದು ಡ್ರೈಯರಿನೊಳಗೆ 60 ಡಿಗ್ರಿಗೆ ಕಾದಾಗ ತೇವಾಂಶ ಶೇ. 15ಕ್ಕಿಂತ ಕೆಳಗೆ ಇಳಿಯುತ್ತದೆ. ಮಂಜಿನ ಗಾಳಿಯನ್ನು ಎಳೆದುಕೊಂಡೇ ನಿಮ್ಮ ಮೆಷಿನ್ ಬಟ್ಟೆಯನ್ನು ಗರಿಗರಿಯಾಗಿ ಒಣಗಿಸಬಲ್ಲದು.

ಕೋಣೆಗೂ ಇದೇ ಮಾತು. ಮೆಷಿನ್ ನಿಂತಾಗ ಕೋಣೆ 25 ಡಿಗ್ರಿ ಇದ್ದು ಹಬೆ ತುಂಬಿದ್ದರೆ ಘನ ಮೀಟರಿಗೆ 23 ಗ್ರಾಂ ನೀರಿರುತ್ತದೆ. ಹೊರಗಿನದು 16. ಒಂದು ಘನ ಮೀಟರ್ ಒಳಗಿನ ಗಾಳಿ ಹೋಗಿ ಹೊರಗಿನದು ಬಂದಾಗಲೆಲ್ಲ 7 ಗ್ರಾಂ ನೀರು ಮನೆ ಬಿಟ್ಟಿತು. ಆದ್ದರಿಂದ ಕೋಣೆ ಬೆಚ್ಚಗಿರುವಾಗಲೇ ಎಕ್ಸಾಸ್ಟ್ ಫ್ಯಾನ್ ಹಾಕಿ. ಆರಿಂಚಿನ ಫ್ಯಾನ್ ಅರ್ಧ ಗಂಟೆ ಓಡಿದರೆ ಆ ಹೆಚ್ಚಿನ ನೀರನ್ನು ಹಬೆಯಾಗಿಯೇ ಹೊರಹಾಕಬಲ್ಲದು. ಕೋಣೆ ತಣ್ಣಗಾದ ಮೇಲೆ, ರಾತ್ರಿಯೆಲ್ಲ ಕಿಟಕಿ ತೆರೆದಿಟ್ಟರೆ ಏನೂ ಸಿಗುವುದಿಲ್ಲ. ಒಳಗೂ ಹೊರಗೂ ಒಂದೇ ಆಗಿರುತ್ತದೆ, ಹನಿಯಾದ ನೀರು ಗೋಡೆಯಲ್ಲೇ ಕುಳಿತಿರುತ್ತದೆ. ಡ್ರೈಯರ್ ಓಡುತ್ತಿರುವಾಗ ಮಾತ್ರ ಅದೇ ಕೋಣೆಯ ಎಕ್ಸಾಸ್ಟ್ ಫ್ಯಾನ್ ಬೇಡ. ಎರಡೂ ಒಂದೇ ಗಾಳಿಗೆ ಹಗ್ಗಜಗ್ಗಾಟ ಮಾಡುತ್ತವೆ, ಪೈಪಿನ ಹಬೆ ಹಿಂದಕ್ಕೆ ಬರಬಹುದು.

ಹೊತ್ತು ನೋಡಿ ಹಾಕಿ. ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಗಾಜು, ಗೋಡೆ ಸ್ವಲ್ಪವಾದರೂ ಬೆಚ್ಚಗಿರುತ್ತವೆ. ರಾತ್ರಿ ಹಾಕಿದ ಲೋಡಿನ ಹಬೆ ಬೆಳಗಿನವರೆಗೂ ತಣ್ಣನೆಯ ಗಾಜನ್ನು ಹುಡುಕಿಕೊಂಡು ಹೋಗುತ್ತದೆ.

ಮಳೆಗಾಲದಲ್ಲಿ ಕರೆಂಟಿನ ಕಾಟವೂ ಉಂಟಲ್ಲ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಹೀಟರಿನ ಬಿಸಿ ಶೇ. 60ರಷ್ಟಕ್ಕೆ ಕುಸಿಯುತ್ತದೆ. ಟೈಮರ್ ಮುಗಿದಾಗ ಬಟ್ಟೆ ಇನ್ನೂ ಹಸಿ. ಅದನ್ನು ಬಿಸಿಬಿಸಿಯಾಗಿ ತೆಗೆದು ಕೋಣೆಯಲ್ಲಿ ಹರಡಿದರೆ ಉಳಿದ ನೀರೆಲ್ಲ ಕೋಣೆಗೇ. ಕೈಗೆ ತೇವ ತಗುಲಿದರೆ ಡ್ರೈಯರಿನ ಬಾಗಿಲು ಹಾಕಿ ಇನ್ನು 20 ನಿಮಿಷ ಕೊಡಿ. ನಡುವೆ ಕರೆಂಟ್ ಹೋಗಿ ಅರ್ಧ ಗಂಟೆಯಲ್ಲಿ ಬರುವ ಲಕ್ಷಣವಿಲ್ಲದಿದ್ದರೆ ಬಟ್ಟೆ ತೆಗೆದು ಜಗಲಿಯ ಹಗ್ಗಕ್ಕೆ ಹಾಕಿ. ಡ್ರಮ್ಮಿನಲ್ಲೇ ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. 2000 ವ್ಯಾಟ್ ದಾಟುವ ಮೆಷಿನ್ನಿಗೆ 16 ಆಂಪಿಯರಿನ ಪ್ಲಗ್, ತನ್ನದೇ ಎಂಸಿಬಿ ಬೇಕು. ಒದ್ದೆ ಗೋಡೆಯ ಕೋಣೆಯಾದ್ದರಿಂದ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಮರೆಯದೆ ಹಾಕಿಸಿ.

ಅತಿಯಾಗಿ ಒಣಗಿಸುವುದೂ ದಂಡ. ಹತ್ತಿ ಬಟ್ಟೆ ಶೇ. 65 ತೇವಾಂಶದ ಗಾಳಿಯಲ್ಲೇ ತನ್ನ ತೂಕದ ಶೇ. 8.5ರಷ್ಟು ನೀರನ್ನು ಹೀರಿಟ್ಟುಕೊಳ್ಳುತ್ತದೆ. 5 ಕೆ.ಜಿ.ಗೆ ಸುಮಾರು 425 ಗ್ರಾಂ. ನಮ್ಮ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕೊನೆಯ ಅರ್ಧ ಗಂಟೆ ಕಾಯಿಸಿ ತೆಗೆದ ಆ ನೀರು ಮಡಿಚಿಡುವಷ್ಟರಲ್ಲಿ ವಾಪಸ್ ಬಂದಿರುತ್ತದೆ.

ಡಿಹ್ಯೂಮಿಡಿಫೈಯರ್ ಮತ್ತು ಬೇರೆ ಮೆಷಿನ್ನುಗಳು

ವೆಂಟೆಡ್ ಡ್ರೈಯರ್ ಓಡುವ ಕೋಣೆಯಲ್ಲಿ ಡಿಹ್ಯೂಮಿಡಿಫೈಯರ್ ಹಾಕುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ. ಡ್ರೈಯರ್ ಗಂಟೆಗೆ ನೂರಾರು ಘನ ಮೀಟರ್ ಹೊರಗಿನ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ, ಆ ಚಿಕ್ಕ ಯಂತ್ರ ಎಷ್ಟೆಂದು ಒಣಗಿಸೀತು? ಡ್ರೈಯರ್ ನಿಂತ ಮೇಲೆ, ಬಾಗಿಲು, ಕಿಟಕಿ, ವೆಂಟಿಲೇಟರ್ ಎಲ್ಲ ಮುಚ್ಚಿ ಹಾಕಿದರೆ ಕೆಲಸಕ್ಕೆ ಬರುತ್ತದೆ. ಡಬ್ಬಿಯ ಮೇಲೆ ದಿನಕ್ಕೆ 12 ಲೀಟರ್ ಎಂದು ಬರೆದಿದ್ದರೆ ಅದು 30 ಡಿಗ್ರಿ, ಶೇ. 80 ತೇವಾಂಶದಲ್ಲಿ ಅಳೆದದ್ದು. 20 ಡಿಗ್ರಿಯ ನಮ್ಮ ಕೋಣೆಯಲ್ಲಿ ಅರ್ಧ ಸಿಕ್ಕರೆ ಸಮಾಧಾನ ಪಡಿ. ಸ್ಪಿನ್ ಚೆನ್ನಾಗಿ ಆದ ಬಟ್ಟೆಯನ್ನು ಡ್ರೈಯರಿಲ್ಲದೆ ಮುಚ್ಚಿದ ಕೋಣೆಯ ಹಗ್ಗದಲ್ಲಿ ಹಾಕಿ, ಡಿಹ್ಯೂಮಿಡಿಫೈಯರನ್ನೂ ಟೇಬಲ್ ಫ್ಯಾನನ್ನೂ ಹಚ್ಚಿಟ್ಟರೆ ಒಂದು ರಾತ್ರಿಯಲ್ಲಿ ಒಣಗುತ್ತದೆ. ಕುಶಾಲನಗರದ ಕಡೆ, ಮಳೆ ಕಡಿಮೆ ಇರುವಲ್ಲಿ, ಇದೊಂದೇ ಸಾಕಾಗುವ ಮನೆಗಳೂ ಇವೆ.

ಹೊರಗೋಡೆಯೇ ಇಲ್ಲದ ಕೋಣೆ, ಅಥವಾ ಫ್ಲ್ಯಾಟ್ ಆದರೆ ಮಾತ್ರ ಹೀಟ್ ಪಂಪ್ ಡ್ರೈಯರ್ ಯೋಚಿಸಿ. ಅದು ಹಬೆಯನ್ನು ಒಳಗೇ ನೀರು ಮಾಡಿ ತೊಟ್ಟಿಗೋ ಚರಂಡಿಗೋ ಬಿಡುತ್ತದೆ, ಕರೆಂಟ್ ಹೆಚ್ಚುಕಡಿಮೆ ಅರ್ಧ, ಸಮಯ ಹೆಚ್ಚು, ಬೆಲೆಯೂ ಹೆಚ್ಚು. ಸಾದಾ ಕಂಡೆನ್ಸರ್ ಡ್ರೈಯರ್ (ಕೋಣೆಯ ಗಾಳಿಯಿಂದಲೇ ಹಬೆಯನ್ನು ತಣಿಸಿ ನೀರು ಮಾಡುವಂಥದ್ದು) ಇರುವವರು ಪೂರ್ತಿ ನೀರು ತೊಟ್ಟಿಗೆ ಬೀಳುತ್ತದೆಂದು ನಂಬಬಾರದು. ಒಳ್ಳೆಯ ಮೆಷಿನ್ನಿನಲ್ಲೂ ಹತ್ತರಲ್ಲೊಂದು ಪಾಲು, ಸಾಧಾರಣದ್ದರಲ್ಲಿ ಹತ್ತರಲ್ಲಿ ಎರಡು ಮೂರು ಪಾಲು ಕೋಣೆಗೆ ಸೋರುತ್ತದೆ. ತಕ್ಕಡಿಯಲ್ಲಿ ಸಿಕ್ಕ ವ್ಯತ್ಯಾಸದಿಂದ ತೊಟ್ಟಿಯ ನೀರನ್ನು ಅಳೆದು ಕಳೆಯಿರಿ. 3 ಲೀಟರಿಗೆ ತೊಟ್ಟಿಯಲ್ಲಿ 2 ಲೀಟರೇ ಸಿಕ್ಕರೆ ಕಂಡೆನ್ಸರಿನ ಸೀಳುಗಳಲ್ಲಿ ಜುಂಗು ಕಟ್ಟಿದೆ, ಇಲ್ಲವೇ ಬಾಗಿಲಿನ ರಬ್ಬರ್ ಸವೆದಿದೆ, ಇಲ್ಲವೇ ಕೋಣೆ ಮುಚ್ಚಿ ಬಿಸಿಯಾಗಿ ಹಬೆ ತಣಿಯುತ್ತಿಲ್ಲ. ಕಂಡೆನ್ಸರನ್ನು ಹೊರತೆಗೆದು ನಲ್ಲಿಯ ಕೆಳಗೆ ಸೀಳುಗಳ ದಿಕ್ಕಿಗೇ ನೀರು ಬಿಟ್ಟು ತೊಳೆಯಿರಿ, ಬ್ರಷ್ ಹಾಕಿ ಉಜ್ಜಿದರೆ ಸೀಳು ಮಡಚಿಕೊಳ್ಳುತ್ತದೆ.

ಕಪ್ಪಾದ ಗೋಡೆ

ಇದು ಕೋಣೆಯ ಹಬೆಯಿಂದಲೋ, ಹೊರಗಿನ ಮಳೆ ಜಿನುಗುವುದರಿಂದಲೋ ಮೊದಲು ಗೊತ್ತಾಗಬೇಕು. ಬೀರು ಸರಿಸಿ, ಗೋಡೆ ಒರೆಸಿ, ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಕೋಣೆಯ ಕಡೆ ಒದ್ದೆಯಾದರೆ ಹಬೆ. ಗೋಡೆಯ ಕಡೆ ಒದ್ದೆಯಾದರೆ ಮಳೆಯೋ ಪೈಪೋ ಜಿನುಗುತ್ತಿದೆ, ಅದಕ್ಕೆ ಡ್ರೈಯರ್ ಕಾರಣವಲ್ಲ.

ಬೂಷ್ಟನ್ನು ಒಣಗಿದ್ದಾಗ ಕೆರೆಯಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಮಾಸ್ಕ್, ಕೈಗವಸು ಹಾಕಿಕೊಂಡು, ಅಂಗಡಿಯಲ್ಲಿ ಸಿಗುವ ದ್ರವರೂಪದ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಅದಕ್ಕೆ ತಾಗಲೇಬಾರದು, ವಿಷಗಾಳಿ ಏಳುತ್ತದೆ. ಮರದ ಚೌಕಟ್ಟಿಗೆ ಬ್ಲೀಚ್ ಬೇಡ, ಸೋಪಿನ ನೀರು ಸಾಕು. ಬೀರುವನ್ನು ಗೋಡೆಯಿಂದ ಮೂರು ಅಂಗುಲ ಮುಂದಿಡಿ, ಸಾಧ್ಯವಾದರೆ ಒಳಗೋಡೆಗೆ ಸರಿಸಿ. ಬೀರುವಿನೊಳಗೆ 25 ವ್ಯಾಟಿನ ಬಲ್ಬ್ ಉರಿಸಿ ಕುಪ್ಯ (ಕೊಡವ ಗಂಡಸರ ನಿಲುವಂಗಿ), ಚೇಲೆ (ಅದರ ಸೊಂಟಪಟ್ಟಿ), ರೇಷ್ಮೆ ಸೀರೆಗಳನ್ನು ಕಾಪಾಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಬೆಳಕಲ್ಲ, ತಂತಿ ಬಲ್ಬಿನ ಬಿಸಿ. ಎಲ್‌ಇಡಿ ಹಾಕಿದರೆ ಉಪಯೋಗವಿಲ್ಲ. ತಂತಿ ಬಲ್ಬ್ ಹಾಕುವುದಾದರೆ ಬಟ್ಟೆಗೆ ಒಂದಡಿ ದೂರದಲ್ಲಿ, ಸುತ್ತ ತಂತಿಯ ಪಂಜರ ಇಟ್ಟೇ ಹಾಕಿ. ಗೋಡೆಗೆ ಹೊಸ ಬಣ್ಣವನ್ನು ಈ ಮಳೆಯಲ್ಲಿ ಹಚ್ಚಬೇಡಿ. ಫೆಬ್ರವರಿಯಲ್ಲಿ, ಹೂಮಳೆಗೆ ಮೊದಲು, ಗೋಡೆ ಪೂರ್ತಿ ಆರಿದಾಗ ಹಚ್ಚಿಸಿ.

ಕಿಟಕಿ ಮುಚ್ಚಿ ಪೈಪ್ ಕೂರಿಸಿದ ದಿನ ಗಾಜು, ನೆಲ ಒಣಗಿಸಿ ಒರೆಸಿಟ್ಟು ಒಂದು ಪೂರ್ತಿ ಲೋಡ್ ಹಾಕಿ ನೋಡಿ. ಒಂದು ಗಂಟೆಯ ಮೇಲೂ ಗಾಜಿನಾಚೆಯದು ಸ್ಪಷ್ಟವಾಗಿ ಕಾಣಬೇಕು. ಆಗಲೂ ಬೆವರಿದರೆ ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದಿನ ಪೈಪನ್ನು ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಮೆಷಿನ್ನಿನ ಒಳಗಿನ ಗಾಳಿಕೊಳವೆ ಹೊರಬಾಯಿಗೆ ಸೇರುವ ಜಾಗದಲ್ಲಿ ಜುಂಗು ಚೆಲ್ಲಿಕೊಂಡಿದ್ದರೆ ಆ ಜೋಡಣೆ ಕಳಚಿದೆ ಎಂದರ್ಥ. ಅದನ್ನು ಮಾತ್ರ ಸರ್ವಿಸಿನವರಿಂದಲೇ ಸರಿಮಾಡಿಸಬೇಕು.